ಅಮೇರಿಕೆಯ ಅಧ್ಯಕ್ಷರೂ ನಮ್ಮ ಕಟಕೋಳವೂ

ಶ್ರೀಮಠದ ವಿದ್ಯಾಸಂಸ್ಥೆಯು ಈ ವರ್ಷ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾಯಿತು. ವಾಡಿಕೆಯಂತೆ ಶರಣರ ಕಾಯಕತತ್ತ್ವವನ್ನು ಕುರಿತೋ ಗುರುಕಾರುಣ್ಯವನ್ನು ಕುರಿತೋ ನಾಲ್ಕು ಮಾತು ಬರೆದು ಕೃತಾರ್ಥನಾಗೋಣವೆಂದು ಕುಳಿತವನಿಗೆ ಬೇರೊಂದು ವಿಷಯ ಅಡ್ಡ ಬಂದಿತು. ಅಮೇರಿಕೆಯ ಅಧ್ಯಕ್ಷರನ್ನೂ ಅವರ ವಿದೇಶನೀತಿಯನ್ನೂ ಕುರಿತು ರಾಮದುರ್ಗ ತಾಲೂಕಿನ ಒಂದು ಮೂಲೆಯಲ್ಲಿ ಕುಳಿತು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಆ ಅಧ್ಯಕ್ಷರು ನಮ್ಮನ್ನು ಕೇಳದೆಯೇ ನಮ್ಮ ಅಡಿಗೆಮನೆಯವರೆಗೆ ಬಂದುಹೋದವರು. ಅವರ ವಿಷಯದಲ್ಲಿ ನಮಗೂ ಒಂದು ಅಭಿಪ್ರಾಯವಿದ್ದರೆ ತಪ್ಪೇನೂ ಇಲ್ಲವೆಂದು ಭಾವಿಸಿ ಲೇಖನಿ ಹಿಡಿದಿದ್ದೇನೆ.

ಇದಕ್ಕೆ ಕಾರಣವಾದದ್ದು ಅಟ್ಟದ ಮೇಲೆ ಸಿಕ್ಕ ಒಂದು ಹಳೆಯ ಕೌದಿ. ನಮ್ಮ ತಂದೆಯ ತಾಯಿ, ಅಂದರೆ ನಾವು ಆಯಿ ಎಂದು ಕರೆಯುತ್ತಿದ್ದ ಹಿರಿಯ ಜೀವ, ತನ್ನ ಕೈಯಾರೆ ಹೊಲೆದ ಕೌದಿ ಅದು. ಮೇಲಿನ ಇಳಕಲ್ ಸೀರೆಯ ತುಂಡುಗಳು ಜೀರ್ಣವಾಗಿ ಉದುರಿಹೋಗಿ ಒಳಗಿನ ದಪ್ಪ ಬಿಳಿಯ ಬಟ್ಟೆ ಹೊರಬಿದ್ದಿತ್ತು. ಅದರ ಮೇಲೆ ಮಾಸಿದ ಕೆಂಪು ಮತ್ತು ನೀಲಿ ಬಣ್ಣಗಳಲ್ಲಿ ಒಂದು ಗುರಾಣಿ. ಗುರಾಣಿಯ ನಡುವೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳು. ಕೆಳಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ. ಇದು ಅಮೇರಿಕಾ ಸಂಯುಕ್ತ ಸಂಸ್ಥಾನದ ಜನತೆ ಕೊಟ್ಟ ಕಾಣಿಕೆ, ಮಾರಾಟಕ್ಕಾಗಲಿ ವಿನಿಮಯಕ್ಕಾಗಲಿ ಅಲ್ಲ ಎಂಬುದು ಅದರ ತಾತ್ಪರ್ಯ. ಪಠ್ಯಪುಸ್ತಕದ ಹೊರಗೆ ನಾನು ಕೂಡಿಸಿ ಓದಿದ ಮೊದಲನೆಯ ಇಂಗ್ಲಿಷ್ ವಾಕ್ಯ ಅದೇ ಇರಬೇಕು.

1965 ಮತ್ತು 1966ನೆಯ ಇಸವಿಗಳಲ್ಲಿ ಸಾಲಾಗಿ ಮಳೆ ಕೈಕೊಟ್ಟ ಸಂಗತಿಯನ್ನು ಹಿರಿಯರು ಮರೆತಿಲ್ಲ. ನನಗೆ ಆಗ ಹನ್ನೊಂದರ ಪ್ರಾಯ. ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನ ‘ಕೇರ್’ ಸಂಸ್ಥೆಯ ಮೂಲಕ ಬಂದ ಗೋದಿಯ ರವೆಯ ಉಪ್ಪಿಟ್ಟು ಸಿಗುತ್ತಿತ್ತು, ದೊಡ್ಡ ಡಬ್ಬಿಗಳಲ್ಲಿ ಬಂದ ಹಾಲಿನ ಪುಡಿಯನ್ನು ಕದಡಿ ಕುಡಿಯಲು ಕೊಡುತ್ತಿದ್ದರು. ಆ ಉಪ್ಪಿಟ್ಟಿನ ವಾಸನೆ ಇಂದಿಗೂ ಮೂಗಿನಲ್ಲಿದೆ. ರೇಷನ್ ಅಂಗಡಿಯಲ್ಲಿ ಅಮೇರಿಕೆಯ ಗೋದಿಯ ಜೊತೆಗೆ ಅಲ್ಲಿಯದೇ ಕೆಂಪು ಜೋಳವೂ ಬಂದಿತು. ಬಿಳಿಜೋಳದ ರೊಟ್ಟಿ ಬಡಿದು ಪಳಗಿದ ಕೈಗಳಿಗೆ ಆ ಹಿಟ್ಟು ಒಗ್ಗಲಿಲ್ಲ. “ಈ ಹಿಟ್ಟಿಗೆ ಜಿಗೀನ ಇಲ್ಲ, ಎಸರ ಹಾಕಿದ್ರೂ ಕೂಡವಲ್ದು” ಎಂದು ಅವ್ವ ದಿನವೂ ಗೊಣಗುತ್ತಿದ್ದಳು. ಆ ದೇಶದಲ್ಲಿ ಅದನ್ನು ದನಗಳಿಗೆ ಹಾಕುತ್ತಾರಂತೆ ಎಂಬ ಮಾತು ಓಣಿಯಿಂದ ಓಣಿಗೆ ಹಬ್ಬಿತು. ಆ ಮಾತು ಸುಳ್ಳೇನೂ ಆಗಿರಲಿಲ್ಲ. ಆದರೂ ರೊಟ್ಟಿಯಾಗದಿದ್ದರೆ ನುಚ್ಚಾದರೂ ಆಗುತ್ತಿತ್ತು, ಒಲೆ ಹೊತ್ತುತ್ತಿತ್ತು.

ಶಾಲೆಯಲ್ಲಿ ಖಾಲಿಯಾದ ಎರಡು ಚೀಲಗಳನ್ನು ಒಮ್ಮೆ ನಾನು ಮನೆಗೆ ತಂದಾಗ ಆಯಿ ಅವನ್ನು ಬಿಸಿಲಿಗೆ ಹಿಡಿದು ನೋಡಿ, “ಯಾರ ಕಳಿಸ್ಯಾರೋ ತಮ್ಮಾ ಇದನ್ನ?” ಎಂದು ಕೇಳಿದಳು.

“ಅಮೇರಿಕಾದ ಮಂದಿ ಕಳಿಸ್ಯಾರ, ಆಯಿ. ಇಲ್ಲೆ ಬರದೈತಿ.”

“ಅವರ ರಾಜ ಯಾರ?”

“ರಾಜ ಇಲ್ಲ, ಅಧ್ಯಕ್ಷ ಅದಾನ. ಜಾನ್ಸನ್ ಅಂತ.”

“ಹಂಗಾದ್ರ ಮಂದಿ ಕೊಟ್ಟಾರೋ, ಆ ಅಧ್ಯಕ್ಷ ಕೊಟ್ಟಾನೋ?”

ನನಗೆ ಉತ್ತರ ಗೊತ್ತಿರಲಿಲ್ಲ. ಅಕ್ಷರ ಬಾರದ, ಸವದತ್ತಿ ಎಲ್ಲಮ್ಮನ ಗುಡ್ಡದಾಚೆಗೆ ಹೆಚ್ಚು ದೂರ ಹೋಗಿರದ ಆ ಮುದುಕಿ ಕೇಳಿದ ಪ್ರಶ್ನೆ ಮುಂದೆ ನಾಲ್ಕು ದಶಕ ಇತಿಹಾಸ ಕಲಿಸಿದ ನನ್ನ ಬೆನ್ನು ಬಿಡಲಿಲ್ಲ. ಪರದೇಶದ ಆಡಳಿತಗಾರನನ್ನು ಸಾಮಾನ್ಯ ಜನರು ಹೇಗೆ ತೂಗುತ್ತಾರೆಂಬ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಮಾತು.

ಆ ಗೋದಿಯ ಹಿಂದಿನ ಕಥೆಯನ್ನು ನಾನು ತಿಳಿದದ್ದು ಬಹಳ ತಡವಾಗಿ. ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಅಲ್ಲಿಯ ನಾಣ್ಯಕ್ಕೇ ಮಾರುವ ಪಿ.ಎಲ್. 480 ಎಂಬ ಕಾಯಿದೆಗೆ ಅಧ್ಯಕ್ಷ ಐಸೆನ್‌ಹೋವರರು 1954ರ ಜುಲೈ ತಿಂಗಳಲ್ಲಿ ಸಹಿ ಹಾಕಿದರು. 1956ರಲ್ಲಿ ಭಾರತದೊಂದಿಗೆ ಮೊದಲ ಒಪ್ಪಂದವಾಯಿತು. 1960ರ ಮೇ ತಿಂಗಳಲ್ಲಿ ನಮ್ಮ ಆಹಾರ ಮಂತ್ರಿ ಎಸ್. ಕೆ. ಪಾಟೀಲರು ಮತ್ತು ಐಸೆನ್‌ಹೋವರರು ಸೇರಿ ನಾಲ್ಕು ವರ್ಷಗಳಲ್ಲಿ 160 ಲಕ್ಷ ಟನ್ ಗೋದಿ, 10 ಲಕ್ಷ ಟನ್ ಅಕ್ಕಿ ಕೊಡುವ ಬೃಹತ್ ಕರಾರಿಗೆ ಸಹಿ ಮಾಡಿದರು. ಶಾಲೆಗಳಿಗೆ ಬಂದ ಚೀಲಗಳು ಇದೇ ಕಾಯಿದೆಯ ಇನ್ನೊಂದು ಭಾಗದಂತೆ ಬಂದ ಉಚಿತ ಕಾಣಿಕೆ. ಬರಗಾಲದ 1966ರಲ್ಲಂತೂ ಭಾರತವು ಹೊರಗಿನಿಂದ ತರಿಸಿದ ಧಾನ್ಯ ಒಂದು ಕೋಟಿ ಟನ್ನನ್ನು ಮೀರಿತು. ಅದರಲ್ಲಿ ಬಹುಪಾಲು ಬಂದದ್ದು ಅಮೇರಿಕೆಯಿಂದ, ಲಿಂಡನ್ ಜಾನ್ಸನ್ನರ ಕಾಲದಲ್ಲಿ.

ಆದರೆ ನಮ್ಮೂರಿನ ಚಹದಂಗಡಿಯಲ್ಲಿ ಗಾಂಧೀಜಿ ಮತ್ತು ನೆಹರೂ ಅವರ ಪಟಗಳ ಪಕ್ಕದಲ್ಲಿ ತೂಗುತ್ತಿದ್ದದ್ದು ಕೆನಡಿಯವರ ಭಾವಚಿತ್ರ. ಕರಾರಿಗೆ ಸಹಿ ಹಾಕಿದವರು ಐಸೆನ್‌ಹೋವರ್, ಅತಿ ಹೆಚ್ಚು ಧಾನ್ಯ ಕಳಿಸಿದವರು ಜಾನ್ಸನ್, ಗೋಡೆಯನ್ನೇರಿದವರು ಕೆನಡಿ! ಜಾನ್ಸನ್ನರ ಚಿತ್ರವನ್ನು ನಾನು ಈ ಭಾಗದ ಯಾವ ಅಂಗಡಿಯಲ್ಲೂ ಕಂಡವನಲ್ಲ. ಇದು ಕೃತಘ್ನತೆಯೇ ಎಂದು ಬಹುಕಾಲ ಯೋಚಿಸಿದ್ದೇನೆ. ಕೆನಡಿಯವರ ತಾರುಣ್ಯ, ರೂಪ, 1963ರ ನವೆಂಬರ್ 22ರಂದು ಒದಗಿದ ದಾರುಣ ಮರಣ, ಇವೆಲ್ಲ ಜನರ ಮನಸ್ಸನ್ನು ಕರಗಿಸಿದ್ದು ನಿಜ. “ಪಾಪ, ಸಣ್ಣ ವಯಸ್ಸಿನ್ಯಾಗ ಹೋದ” ಎಂದು ನಮ್ಮ ಹಿರಿಯರು ಬಂಧುವೊಬ್ಬನನ್ನು ಕುರಿತಂತೆ ಮಾತಾಡುತ್ತಿದ್ದರು. ಆದರೆ ಅಷ್ಟೇ ಕಾರಣವಲ್ಲ. 1962ರಲ್ಲಿ ಚೀನಾ ಮೇಲೆರಗಿ ಬಂದಾಗ ನೆಹರೂ ಕೇಳಿದ ಸಹಾಯಕ್ಕೆ ಕೆನಡಿ ತಡಮಾಡಲಿಲ್ಲ, ಸೈನಿಕ ಸಾಮಗ್ರಿ ಹೊತ್ತ ವಿಮಾನಗಳು ಬಂದಿಳಿದವು. ಸೋತು ತಲೆತಗ್ಗಿಸಿದ್ದ ಹೊತ್ತಿನಲ್ಲಿ ಹೆಗಲ ಮೇಲೆ ಕೈಯಿಟ್ಟವನ ಮುಖ ನೆನಪಿನಲ್ಲಿ ಉಳಿಯುತ್ತದೆ.

ಜಾನ್ಸನ್ನರು ಕೊಟ್ಟ ರೀತಿ ಬೇರೆಯಾಗಿತ್ತು. 1965ರಲ್ಲಿ ಅವರು ನಮ್ಮ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಗೆ ಕೊಟ್ಟಿದ್ದ ಆಮಂತ್ರಣವನ್ನು ಮುಂದೂಡಿದರು. ಅದು ಶಾಸ್ತ್ರಿಯವರಿಗೆ ಅಪಮಾನವೆಂದೇ ದೇಶ ತಿಳಿಯಿತು. ದೀರ್ಘಕಾಲದ ಕರಾರಿಗೆ ಬದಲಾಗಿ ಕೆಲವು ತಿಂಗಳಿಗೆ ಸಾಲುವಷ್ಟೇ ಧಾನ್ಯಕ್ಕೆ ಮಂಜೂರಿ ಕೊಡುವ ಪದ್ಧತಿಯನ್ನು ತಂದರು. ಹಡಗು ಬಂದರಿಗೆ ಬಂದರೆ ಊಟ, ಬಾರದಿದ್ದರೆ ಉಪವಾಸ ಎಂಬ ಸ್ಥಿತಿ ಒದಗಿತು. ವಿಯೆಟ್ನಾಮಿನ ಮೇಲಿನ ಬಾಂಬುದಾಳಿಯನ್ನು ಭಾರತವು ಖಂಡಿಸಿದಾಗಲೆಲ್ಲ ಹಗ್ಗ ಇನ್ನಷ್ಟು ಬಿಗಿಯಾಗುತ್ತಿತ್ತೆಂದು ಆ ಕಾಲದ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಸೋಮವಾರ ಸಂಜೆ ಒಂದು ಹೊತ್ತಿನ ಊಟ ಬಿಡಿರೆಂದು ಶಾಸ್ತ್ರಿಯವರು ಕರೆ ಕೊಟ್ಟಾಗ ನಮ್ಮ ಮನೆಯಲ್ಲಿ ಅದನ್ನು ವ್ರತದಂತೆ ನಡೆಸಿದರು. ಸೋಮವಾರ ಹೇಗೂ ಶಿವನ ವಾರವಾದ್ದರಿಂದ ಆಯಿಗೆ ಅದೊಂದು ಕಷ್ಟವೆನಿಸಲಿಲ್ಲ.

ಇಲ್ಲಿ ನನ್ನ ಅನುಭವದ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಮಾತು ಪೂರ್ಣವಾಗದು. ಅದೇ ಬರಗಾಲದಲ್ಲಿ ಶ್ರೀಮಠದ ದಾಸೋಹವೂ ನಡೆದಿತ್ತು. ಮಠದ ಕಣಜವೇನೂ ತುಂಬಿ ತುಳುಕುತ್ತಿರಲಿಲ್ಲ, ಭಕ್ತರಿಂದ ಬಂದ ಜೋಳದ ಅಂಬಲಿ, ಹುರುಳಿಯ ಕಟ್ಟು ಇಷ್ಟೇ. ಹಗಲಿನಲ್ಲಿ ಪಂಕ್ತಿಗೆ ಬರಲು ನಾಚುವ ಮರ್ಯಾದಸ್ಥ ಮನೆತನದವರು ಕೆಲವರಿದ್ದರು. ಅಂಥವರಿಗಾಗಿ ಅಂದಿನ ಅಜ್ಜನವರು ಹಿತ್ತಲ ಬಾಗಿಲನ್ನು ದೀಪ ಹಚ್ಚಿದ ಮೇಲೂ ತೆರೆದಿಡಲು ಹೇಳಿದ್ದರು. ಬಡಿಸುವವರು ತಲೆ ಎತ್ತಿ ಮುಖ ನೋಡಬಾರದೆಂಬುದು ಅವರ ಕಟ್ಟಪ್ಪಣೆ. ಕೊಡುವವನು ತಾನು ದಾಸನೆಂದು ತಿಳಿಯುವುದೇ ದಾಸೋಹವೆಂಬುದನ್ನು ನಾನು ಗ್ರಂಥಗಳಿಂದ ಕಲಿಯಲಿಲ್ಲ, ಆ ಹಿತ್ತಲ ಬಾಗಿಲಲ್ಲಿ ಕಂಡೆ. ಒಂದು ಬೊಗಸೆ ಅಂಬಲಿಯನ್ನೂ ಒಂದು ಹಡಗು ಗೋದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ತರ್ಕಪಂಡಿತರು ಹೇಳಬಹುದು. ಆದರೆ ಜನರು ತೂಗಿದ್ದು ಹಾಗೆಯೇ.

ಜಾನ್ಸನ್ನರ ಪರವಾಗಿಯೂ ಹೇಳುವ ಮಾತಿದೆ. ಅವರು ಬಿಗಿ ಹಿಡಿದದ್ದಕ್ಕೆ ಭಾರತವು ತನ್ನ ಒಕ್ಕಲುತನವನ್ನು ಅಲಕ್ಷಿಸಬಾರದೆಂಬ ಉದ್ದೇಶವೂ ಕಾರಣವಾಗಿತ್ತು. ನಮ್ಮ ಮಂತ್ರಿ ಸಿ. ಸುಬ್ರಹ್ಮಣ್ಯಂ ಅವರಿಗೂ ಅದೇ ಬೇಕಾಗಿತ್ತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋದಿಯ ಬೀಜ ಬಂದಿತು. ಅದಕ್ಕೂ ಮೊದಲು, 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್. 1 ಎಂಬ ಹೈಬ್ರೀಡ್ ಜೋಳದ ತಾಯಿತಳಿ ಅಮೇರಿಕೆಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕಟ್ಟುವಾಗ ಟೆನೆಸೀ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ನೆರವಾದರು. ನಮ್ಮ ತಂದೆ ಹೈಬ್ರೀಡ್ ಜೋಳ ಬಿತ್ತಿ ರಾಶಿ ಕಂಡು ಹಿಗ್ಗಿದರು, ಆದರೆ ಮನೆಯ ಊಟಕ್ಕೆ ಮಾತ್ರ ಹಿಂಗಾರಿಯ ಬಿಳಿಜೋಳವೇ ಆಗಬೇಕೆಂದು ಹಟ ಹಿಡಿದರು. ಬೀಜ ತಂದವರ ಹೆಸರು ಯಾವುದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು 1971ರ ಮಾತು. ಅದನ್ನು ಬರೆಯಲು ಇಂದಿಗೂ ನನಗೆ ಸಂಕೋಚ.

ಆ ವರ್ಷ ನಾನು ಶ್ರೀಮಠದ ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿದ್ದೆ. ಪೂರ್ವ ಬಂಗಾಲದ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ಬಂದ ಸುದ್ದಿಯನ್ನು ‘ಸಂಯುಕ್ತ ಕರ್ನಾಟಕ’ದಲ್ಲಿ ಓದುತ್ತಿದ್ದೆವು, ಆಕಾಶವಾಣಿ ಧಾರವಾಡದ ಕೇಂದ್ರದಿಂದ ಕೇಳುತ್ತಿದ್ದೆವು. ನವೆಂಬರ್ ತಿಂಗಳಲ್ಲಿ ಇಂದಿರಾಗಾಂಧಿಯವರು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ನಿಕ್ಸನ್ನರನ್ನು ಕಂಡು ಬರಿಗೈಯಲ್ಲಿ ಮರಳಿದರು. ಡಿಸೆಂಬರಿನಲ್ಲಿ ಯುದ್ಧ ಆರಂಭವಾಗಿ, ಢಾಕಾ ಇನ್ನೇನು ಕೈಸೇರುವುದೆಂಬ ಹೊತ್ತಿಗೆ, ‘ಎಂಟರ್‌ಪ್ರೈಸ್’ ಎಂಬ ಅಣುಚಾಲಿತ ವಿಮಾನವಾಹಕ ನೌಕೆಯ ನೇತೃತ್ವದಲ್ಲಿ ಅಮೇರಿಕೆಯ ಏಳನೆಯ ನೌಕಾಪಡೆಯ ತುಕಡಿಯೊಂದು ಬಂಗಾಲ ಉಪಸಾಗರದ ಕಡೆಗೆ ಹೊರಟಿತೆಂಬ ವಾರ್ತೆ ಬಂದಿತು. ಸಮುದ್ರವನ್ನೇ ಕಾಣದ ನಮ್ಮೂರಿನ ಹುಡುಗರಿಗೆ ಆ ಹಡಗು ಮಲಪ್ರಭೆಯ ದಂಡೆಗೇ ಬಂದು ನಿಂತಷ್ಟು ಕೋಪ ಬಂದಿತು. ಮೆರವಣಿಗೆ ತೆಗೆಯುವುದು, ನಿಕ್ಸನ್ನರ ಪ್ರತಿಕೃತಿಯನ್ನು ಸುಡುವುದು ಎಂದು ನಿಶ್ಚಯವಾಯಿತು. ಪ್ರತಿಕೃತಿಯ ಮೈಗೆ ಬಟ್ಟೆ ಬೇಕಲ್ಲ? ಮನೆಯ ಮೂಲೆಯಲ್ಲಿದ್ದ ಎರಡು ಚೀಲಗಳಲ್ಲಿ ಒಂದನ್ನು ನಾನೇ ಕದ್ದೊಯ್ದೆ. ಜೋಳದ ಕಣಿಕೆ ತುಂಬಿ, ಮಡಕೆಯ ತಲೆಯಿಟ್ಟು, ಸುಣ್ಣದಲ್ಲಿ ಮುಖ ಬರೆದೆವು. ಎದೆಯ ಮೇಲೆ ಆ ಎರಡು ಕೈಗಳ ಮುದ್ರೆ ಹಾಗೆಯೇ ಉಳಿದಿತ್ತು.

ಅಗಸಿಯ ಮುಂದೆ ನಮ್ಮ ಇತಿಹಾಸದ ಗುರುಗಳು ಎದುರಾದರು. ಅವರು ತಡೆಯಲಿಲ್ಲ, ಬೈಯಲಿಲ್ಲ. “ಸುಡೂದಾದ್ರ ಸುಡ್ರಿ. ಆದರ ಅದರ ಮ್ಯಾಲೆ ಏನ ಬರದೈತಿ, ಅದನ್ನಷ್ಟು ಓದಿ ಸುಡ್ರಿ” ಎಂದರು. ಓದಬಲ್ಲವನಾಗಿದ್ದ ನಾನು ಓದಲಿಲ್ಲ. ಘೋಷಣೆಗಳ ನಡುವೆ ಬೆಂಕಿ ಹಚ್ಚಿದೆವು, ಹತ್ತಿಯ ಬಟ್ಟೆಯಾದ್ದರಿಂದ ಕ್ಷಣಾರ್ಧದಲ್ಲಿ ಉರಿದುಹೋಯಿತು. ಸಂಜೆ ಮನೆಗೆ ಬಂದಾಗ ಆಯಿಗೆ ವಿಷಯ ಮುಟ್ಟಿತ್ತು. “ಅನ್ನ ತಂದ ಚೀಲ ಸುಡತಾರೇನೋ?” ಎಂದು ಒಂದೇ ಮಾತು ಕೇಳಿ ಸುಮ್ಮನಾದಳು. ತಂದೆಯವರು ನನ್ನ ಪರ ವಹಿಸಿ, “ಅನ್ನ ಕಳಿಸಿದಾಂವನ ಈಗ ಹಡಗ ಕಳಿಸ್ಯಾನಲ್ಲ ಅವ್ವಾ” ಎಂದರು. “ಅವನೂ ಇವನೂ ಒಬ್ಬನ ಏನ?” ಎಂದು ಆಯಿ. ತಾಯಿ ಮಗ ಆ ದಿನ ಬೇರೆ ಬೇರೆ ಹೊತ್ತಿನಲ್ಲಿ ಉಂಡರು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗತವಾದಾಗ ಊರೆಲ್ಲ ಸಕ್ಕರೆ ಹಂಚಿತು, ಆಯಿ ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಉಳಿದ ಇನ್ನೊಂದು ಚೀಲವನ್ನು ಮಾತ್ರ ಅದೇ ವಾರ ಬಿಚ್ಚಿ ಕೌದಿಗೆ ಹಾಕಿಬಿಟ್ಟಳು, ನನ್ನ ಕೈಗೆ ಸಿಗಬಾರದೆಂದು.

ನಿಕ್ಸನ್ನರ ನೀತಿ ತಪ್ಪಾಗಿತ್ತೆಂಬ ನನ್ನ ಅಂದಿನ ಅಭಿಪ್ರಾಯ ಇಂದೂ ಬದಲಾಗಿಲ್ಲ. ಪಾಕಿಸ್ತಾನದ ಮಧ್ಯಸ್ತಿಕೆಯಿಂದ ಚೀನಾದ ಬಾಗಿಲು ತೆರೆಯುವ ತವಕದಲ್ಲಿ ಅವರೂ ಅವರ ಸಲಹೆಗಾರ ಕಿಸಿಂಜರರೂ ಪೂರ್ವ ಬಂಗಾಲದ ಹತ್ಯಾಕಾಂಡಕ್ಕೆ ಕಣ್ಣು ಮುಚ್ಚಿದರು. 2005ರಲ್ಲಿ ಹೊರಬಂದ ಅಧಿಕೃತ ದಾಖಲೆಗಳಲ್ಲಿ ಅವರಿಬ್ಬರೂ ಇಂದಿರಾಗಾಂಧಿಯವರನ್ನೂ ಭಾರತೀಯರನ್ನೂ ಕುರಿತು ಆಡಿಕೊಂಡ ಮಾತುಗಳು ಈ ಸಂಚಿಕೆಯಲ್ಲಿ ಬರೆಯಲು ಯೋಗ್ಯವಾದವುಗಳಲ್ಲ. ಆದರೆ ಅದೇ 1971ರ ಏಪ್ರಿಲ್ 6ರಂದು ಢಾಕಾದಲ್ಲಿದ್ದ ಅಮೇರಿಕೆಯ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಅವರ ಕಚೇರಿಯಿಂದ, ನಮ್ಮ ಸರ್ಕಾರದ ನೀತಿ ನೈತಿಕವಾಗಿ ದಿವಾಳಿಯೆದ್ದಿದೆಯೆಂಬ ಅರ್ಥದ ತಂತಿ ವಾಷಿಂಗ್ಟನ್ನಿಗೆ ಹೋಗಿತ್ತು. ಅದಕ್ಕೆ ಅಲ್ಲಿಯ ಇಪ್ಪತ್ತು ಅಧಿಕಾರಿಗಳು ಸಹಿ ಹಾಕಿದ್ದರು. ಬ್ಲಡ್ ಅವರಿಗೆ ಅದರಿಂದ ವೃತ್ತಿಯಲ್ಲಿ ಹಾನಿಯಾಯಿತು. ಆಗಸ್ಟ್ ತಿಂಗಳಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿ ಬಂದು ಕೆಸರಿನಲ್ಲಿ ನಡೆದು ನಿರಾಶ್ರಿತರ ಶಿಬಿರಗಳನ್ನು ನೋಡಿ ತಮ್ಮ ಅಧ್ಯಕ್ಷರನ್ನೇ ಖಂಡಿಸಿದರು. ನಾವು ಅಗಸಿಯ ಮುಂದೆ ಬೆಂಕಿ ಹಚ್ಚುವಾಗ ಇವರೆಲ್ಲ ಆ ಚೀಲದ ಮೇಲಿನ ವಾಕ್ಯದೊಳಗೆ ಇದ್ದರೆಂಬುದು ನಮಗೆ ತಿಳಿದಿರಲಿಲ್ಲ. ಗುರುಗಳಿಗೆ ತಿಳಿದಿತ್ತೋ ಏನೋ, ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು.

ಗೋದಿಯ ಹಣ ಮುಂದೆ ಏನಾಯಿತೆಂಬುದೂ ಸ್ವಾರಸ್ಯದ ಕಥೆ. ನಾವು ಕೊಟ್ಟ ರೂಪಾಯಿಗಳು ಅಮೇರಿಕೆಯ ಹೆಸರಿನಲ್ಲಿ ಭಾರತದಲ್ಲಿಯೇ ರಾಶಿಬಿದ್ದವು. 1974ರ ಫೆಬ್ರುವರಿಯಲ್ಲಿ ರಾಯಭಾರಿ ಮೊಯ್ನಿಹಾನ್ ಅವರು ಅದರಲ್ಲಿ 1,664 ಕೋಟಿ ರೂಪಾಯಿಗಳನ್ನು ಒಂದೇ ಚೆಕ್ಕಿನಲ್ಲಿ ಭಾರತಕ್ಕೆ ಮರಳಿಸಿದರು, ಅದೂ ನಿಕ್ಸನ್ನರ ಕಾಲದಲ್ಲಿಯೇ. ಇದಕ್ಕಾಗಿ ಯಾವ ಊರಿನಲ್ಲಿಯೂ ಮೆರವಣಿಗೆ ಹೊರಟದ್ದನ್ನು ನಾನು ಕೇಳಿಲ್ಲ. ಅದೇ ರೂಪಾಯಿಗಳಿಂದ 1962ರಿಂದ ಅಮೇರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ಸು ಭಾರತದ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಕಳಿಸಿತು, ಕನ್ನಡ ಪುಸ್ತಕಗಳೂ ಹೋದವು. ನಾವು ಗೋದಿ ತಿಂದೆವು, ಅವರ ವಿದ್ಯಾರ್ಥಿಗಳು ನಮ್ಮ ಪುಸ್ತಕ ಓದಿದರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೇರಿಕೆಗೆ ಹೋಗಿ, ಮುಂದೆ ಶಿಕಾಗೋದಲ್ಲಿ ನೆಲೆಸಿ, 1973ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ದಾಸಿಮಯ್ಯರ ವಚನಗಳನ್ನು ಜಗತ್ತಿನ ಓದುಗರಿಗೆ ಮುಟ್ಟಿಸಿದರು. ಆ ವಿದ್ಯಾರ್ಥಿವೇತನಕ್ಕೆ ಹೆಸರು ಕೊಟ್ಟ ಸೆನೆಟರ್ ಫುಲ್‌ಬ್ರೈಟರೇ 1966ರಲ್ಲಿ ವಿಯೆಟ್ನಾಂ ಯುದ್ಧದ ಬಗ್ಗೆ ತಮ್ಮ ಪಕ್ಷದ ಅಧ್ಯಕ್ಷ ಜಾನ್ಸನ್ನರ ಸರ್ಕಾರವನ್ನು ಬಹಿರಂಗ ವಿಚಾರಣೆಗೆ ಗುರಿಮಾಡಿದವರು.

ಜನಾಭಿಪ್ರಾಯವೆಂಬುದು ಸದಾ ನ್ಯಾಯವಾಗಿರುತ್ತದೆಂದು ನಾನು ವಾದಿಸಲಾರೆ. ಹೊಲದ ಬದುಗಳನ್ನು ನುಂಗಿದ ಪಾರ್ಥೇನಿಯಂ ಕಸವನ್ನೇ ನೋಡಿರಿ. ಕಾಂಗ್ರೆಸ್ ಕಸವೆಂದು ನಾವು ಕರೆಯುವ ಈ ಪೀಡೆ ಅಮೇರಿಕೆಯ ಗೋದಿಯೊಡನೆ ಬಂದಿತೆಂಬುದು ಈ ಭಾಗದ ಪ್ರತಿಯೊಬ್ಬ ಒಕ್ಕಲಿಗನ ಖಚಿತ ನಂಬಿಕೆ. ಪುಣೆಯಲ್ಲಿ ಅದು ಹಬ್ಬಿದ್ದನ್ನು ಸಸ್ಯಶಾಸ್ತ್ರಜ್ಞರು ವರದಿ ಮಾಡಿದ್ದು 1956ರಲ್ಲಿ. ಗೋದಿಯ ಮೊದಲ ಕರಾರು ಆದದ್ದೂ ಅದೇ ವರ್ಷ. ಸಹಿ ಒಣಗುವ ಮೊದಲೇ ಕಸ ಬೆಳೆಯಲಾರದು. ಅದಕ್ಕೂ ಬಹಳ ಹಿಂದೆಯೇ ಭಾರತದಲ್ಲಿ ಸಂಗ್ರಹಿಸಿಟ್ಟ ಮಾದರಿಗಳಿವೆಯೆಂದು ವಿದ್ವಾಂಸರು ತೋರಿಸಿದ್ದಾರೆ. ಗೋದಿಯ ಜೊತೆ ಮತ್ತಷ್ಟು ಬಂದಿರಲೂಬಹುದು. ಇದನ್ನೆಲ್ಲ ನಾನು ಹೊಲದಲ್ಲಿ ನಿಂತು ವಿವರಿಸಿದರೆ, ಕುರುಪಿ ಹಿಡಿದು ಕಸ ಕೀಳುತ್ತಿರುವವರು ಮೈಯೆಲ್ಲ ತುರಿಸಿಕೊಳ್ಳುತ್ತ ನನ್ನ ಮುಖ ನೋಡುತ್ತಾರೆ.

ಇತ್ತೀಚಿನ ದಶಕಗಳಲ್ಲಿ ಇಂಥ ಅಭಿಪ್ರಾಯಗಳನ್ನು ಅಂಕಿಗಳಲ್ಲಿ ಅಳೆಯುವ ಶಾಸ್ತ್ರ ಬೆಳೆದಿದೆ. ಅಮೇರಿಕೆಯ ‘ಪ್ಯೂ’ ಸಂಶೋಧನ ಕೇಂದ್ರದವರು ದೇಶದೇಶಗಳಲ್ಲಿ ವಿಚಾರಿಸುತ್ತಾರೆ: ಜಗತ್ತಿನ ವ್ಯವಹಾರಗಳಲ್ಲಿ ಈ ಅಧ್ಯಕ್ಷರು ಸರಿಯಾದುದನ್ನು ಮಾಡುವರೆಂಬ ವಿಶ್ವಾಸ ನಿಮಗಿದೆಯೇ ಎಂದು. ಇರಾಕಿನ ಯುದ್ಧದಿಂದಾಗಿ 2008ರಲ್ಲಿ ಜಾರ್ಜ್ ಬುಷ್ ಅವರ ಮೇಲೆ ಜರ್ಮನಿಯಲ್ಲಿ ನೂರಕ್ಕೆ 14 ಜನರಿಗೆ ಮಾತ್ರ ವಿಶ್ವಾಸವಿತ್ತು, ಮರುವರ್ಷ ಒಬಾಮಾ ಬಂದೊಡನೆ ಅದು 93ಕ್ಕೆ ಏರಿತು. ಹನ್ನೆರಡು ತಿಂಗಳಲ್ಲಿ ಅಮೇರಿಕೆ ಅಷ್ಟೊಂದು ಬದಲಾಗಿತ್ತೇ? 2019ರಲ್ಲಿ ಟ್ರಂಪ್ ಅವರ ವಿಷಯದಲ್ಲಿ ಭಾರತೀಯರಲ್ಲಿ ನೂರಕ್ಕೆ 56 ಮಂದಿ ವಿಶ್ವಾಸವಿದೆಯೆಂದರು. ಯುರೋಪಿನ ಬಹುತೇಕ ದೇಶಗಳಲ್ಲಿ ಅಂಥವರು ವಿರಳ. ನಮ್ಮೂರಿಗೆ ಯಾರೂ ಇಂಥ ಪ್ರಶ್ನೆ ಹಿಡಿದು ಬಂದಂತಿಲ್ಲ. ಬಂದಿದ್ದರೆ ಆಯಿ ಮರುಪ್ರಶ್ನೆ ಹಾಕುತ್ತಿದ್ದಳು.

ಕಾರ್ಟರ್ ಅವರ ವಿಷಯದಲ್ಲಿ ಮಾತ್ರ ನಮ್ಮೂರಿನಲ್ಲಿ ಎರಡು ಮಾತಿರಲಿಲ್ಲ. ಅವರ ತಾಯಿ ಲಿಲಿಯನ್ ಅವರು ಅರವತ್ತೆಂಟರ ಇಳಿವಯಸ್ಸಿನಲ್ಲಿ ‘ಪೀಸ್ ಕೋರ್’ ಸ್ವಯಂಸೇವಕಿಯಾಗಿ ಬಂದು, 1966ರಿಂದ 1968ರವರೆಗೆ ಮುಂಬಯಿಯ ವಿಕ್ರೋಳಿಯಲ್ಲಿ ರೋಗಿಗಳ ಸೇವೆ ಮಾಡಿದ್ದರೆಂದು 1978ರಲ್ಲಿ ಮಗ ಭಾರತಕ್ಕೆ ಬಂದಾಗ ಪತ್ರಿಕೆಗಳು ಬರೆದವು. ಇದನ್ನು ಓದಿ ಹೇಳಿದಾಗ ಆಯಿ ಬಹಳ ಹೊತ್ತು ಸುಮ್ಮನಿದ್ದು, ಆ ಮುದುಕಿ ರೊಟ್ಟಿ ತಿನ್ನುತ್ತಿದ್ದಳೇ ಎಂದು ಕೇಳಿದಳು. ಅಧ್ಯಕ್ಷರ ನೀತಿಯ ಬಗ್ಗೆ ಕೇಳಲಿಲ್ಲ.

ಅಮೇರಿಕೆಯ ಅಧ್ಯಕ್ಷರ ಮಾತನ್ನು ನಂಬಿ ನಿರಾಶರಾದ ಕನ್ನಡಿಗರು ನಮಗಿಂತ ಮೊದಲೂ ಇದ್ದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಅಮೇರಿಕೆಗೆ ಓದಲು ಹೋಗಿ, ಅಲ್ಲಿ ಲಾಲಾ ಲಜಪತರಾಯರ ಬಲಗೈಯಾಗಿ, 1917ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಹೋಮ್‌ರೂಲ್ ಸಂಘಕ್ಕಾಗಿ ದುಡಿದರು. ರಾಷ್ಟ್ರಗಳ ಸ್ವಯಂನಿರ್ಣಯದ ಮಾತಾಡುತ್ತಿದ್ದ ಅಧ್ಯಕ್ಷ ವಿಲ್ಸನ್ನರು ಭಾರತದ ಪರವಾಗಿಯೂ ಒಂದು ಮಾತು ಆಡಿಯಾರೆಂಬ ಆಸೆ ಆಗ ಎಲ್ಲರಿಗಿತ್ತು. ಆ ಮಾತು ಬರಲಿಲ್ಲ. ಹರ್ಡೀಕರರು ತಾಯ್ನಾಡಿಗೆ ಮರಳಿ 1923ರಲ್ಲಿ ಸೇವಾದಳವನ್ನು ಕಟ್ಟಿದರು.

ಅದಕ್ಕೂ ಹಿಂದೆ, ಅಮೇರಿಕೆಯ ಅಧ್ಯಕ್ಷನೆಂಬವನೊಬ್ಬನಿದ್ದಾನೆಂಬುದೇ ನಮ್ಮವರಿಗೆ ಗೊತ್ತಿಲ್ಲದ ಕಾಲದಲ್ಲಿ, ಅಂಥವನೊಬ್ಬನ ಆಜ್ಞೆ ಈ ಎರೆಭೂಮಿಯನ್ನು ಮುಟ್ಟಿತ್ತು. 1861ರ ಏಪ್ರಿಲ್ 19ರಂದು ಅಬ್ರಹಾಂ ಲಿಂಕನ್ನರು ದಕ್ಷಿಣದ ಬಂಡುಕೋರ ಸಂಸ್ಥಾನಗಳ ಬಂದರುಗಳಿಗೆ ದಿಗ್ಬಂಧನ ವಿಧಿಸಿದರು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಅವರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದು ಬೆಲೆ ಗಗನಕ್ಕೇರಿತು. ಚಕ್ಕಡಿಗಳ ಸಾಲು ಘಟ್ಟವಿಳಿದು ಕುಮಟೆಯ ಬಂದರಿಗೆ ಹೊರಟಿತು. ನಮ್ಮ ಜವಾರಿ ಹತ್ತಿಗೆ ಮುಂಬಯಿಯ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರು. ಈ ಹತ್ತಿಗಾಗಿ ಕಾರವಾರದ ಬಂದರನ್ನು ಬೆಳೆಸಬೇಕೆಂಬ ಒತ್ತಾಯದ ಬೆನ್ನಲ್ಲೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಮೇರಿಕೆಯ ಅಂತರ್ಯುದ್ಧವು ಕನ್ನಡನಾಡಿನ ನಕ್ಷೆಯನ್ನು ಗೀಚಿದ ಪರಿ ಇದು. 1865ರಲ್ಲಿ ಯುದ್ಧ ಮುಗಿಯಿತು, ಲಿಂಕನ್ನರು ಗುಂಡಿಗೆ ಬಲಿಯಾದರು, ಹತ್ತಿಯ ಬೆಲೆ ಕುಸಿಯಿತು, ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದವರು ಮುಳುಗಿದರು. ಗುಲಾಮರ ಬಿಡುಗಡೆ ಮಾಡಿದ ಆ ಮಹಾನುಭಾವನ ಪಾಠವನ್ನು ನಾನು ಮಕ್ಕಳಿಗೆ ವರ್ಷವರ್ಷವೂ ಕಣ್ಣು ತೇವವಾಗುವಂತೆ ಹೇಳಿದ್ದೇನೆ. ಈ ಹತ್ತಿಯ ಸಂಗತಿಯನ್ನು ಮಾತ್ರ ಹೇಳಿರಲಿಲ್ಲ, ನಿವೃತ್ತನಾಗುವವರೆಗೆ ನನಗೇ ಗೊತ್ತಿರಲಿಲ್ಲ.

ಕಳೆದ 2025ರ ನವೆಂಬರಿನಲ್ಲಿ ನಮ್ಮ ಅಣ್ಣನ ಮಗ ಹತ್ತಿಯ ಅಂಡಿಗೆಗಳನ್ನು ಬೈಲಹೊಂಗಲದ ಪೇಟೆಗೆ ಒಯ್ಯುವಾಗ ನಾನೂ ಜೊತೆಗೆ ಹೋಗಿದ್ದೆ. ಆ ವರ್ಷ ಆಗಸ್ಟಿನಲ್ಲಿ ಅಧ್ಯಕ್ಷ ಟ್ರಂಪ್ ಅವರು ಭಾರತದ ಸರಕುಗಳ ಮೇಲಿನ ಸುಂಕವನ್ನು ನೂರಕ್ಕೆ 50ಕ್ಕೆ ಏರಿಸಿದ್ದರು. ಬಟ್ಟೆ ರಫ್ತು ಮಾಡುವ ಗಿರಣಿಗಳಿಗೆ ನೆರವಾಗಲೆಂದು ನಮ್ಮ ಸರ್ಕಾರವು ಹೊರಗಿನಿಂದ ಬರುವ ಹತ್ತಿಯ ಮೇಲಿನ ನೂರಕ್ಕೆ 11ರ ಸುಂಕವನ್ನು ಡಿಸೆಂಬರ್ 31ರವರೆಗೆ ತೆಗೆದುಹಾಕಿತ್ತು. ಅಮೇರಿಕೆಯ ಹತ್ತಿಗೆ ಬಾಗಿಲು ತೆರೆಯಿತು. ಉದ್ದೆಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ ಬೆಂಬಲ ಬೆಲೆಯೆಂದು ಕಾಗದದ ಮೇಲಿದ್ದರೂ ಪೇಟೆಯ ದರ ಅದಕ್ಕಿಂತ ಕೆಳಗೆ ನಿಂತಿತ್ತು. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗುವ ಹೊಸ ನೌಕರರ ಪರವಾನಿಗೆಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ್ದರಿಂದ ಬೆಂಗಳೂರಿನಲ್ಲಿರುವ ನಮ್ಮ ಹುಡುಗರೂ ಕಂಗಾಲಾಗಿದ್ದರು. ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹೊತ್ತು ಕಳೆಯಲೆಂದು ನಾನು ಲಿಂಕನ್ನರ ಕಾಲದ ಕಥೆಯನ್ನು ಹೇಳಿದೆ. ಸುತ್ತಲಿನ ನಾಲ್ಕಾರು ರೈತರೂ ಕೇಳಿಸಿಕೊಂಡರು.

“ಆ ಲಿಂಕನ್ ಅನ್ನಾಂವಗ ನಮ್ಮ ಹತ್ತಿ ಗೊತ್ತಿತ್ತೇನ್ರಿ ಕಾಕಾ?” ಎಂದು ಹುಡುಗ ಕೇಳಿದ.

ನಮ್ಮ ಊರಿನ ಹೆಸರು ಅವರ ಕಿವಿಗೆ ಬಿದ್ದಿರಲಾರದೆಂದೆ.

“ಈಗಿನಾಂವಗ?”

ನಾನು ಉತ್ತರ ಹುಡುಕುತ್ತಿರುವಾಗಲೇ ಸವಾಲು ಕೂಗುವವರು ನಮ್ಮ ಅಂಡಿಗೆಗಳ ಹತ್ತಿರ ಬಂದರು. ಅವನು ಎದ್ದು ಹೋದ.